ಭಾವನ ನಡುಕ ಯಾವ ಕಡೆಯದು

ಆಲಂಕಾರು ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದು ಬರೆದದ್ದು ಹೆಸರಿಗೆ ಮಾತ್ರ. ನಿಜವಾಗಿ ಅಲ್ಲಿ ನಡೆಯುವುದು ಜನರ ಪರವಾಗಿ ಸರಕಾರದ ಜೊತೆ ಜಗಳ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೆ, ಚಾವಡಿಯಲ್ಲಿ ಕೂತು ಎಲೆ ಜಗಿಯುತ್ತಿರುವ ಅಜ್ಜಿಯನ್ನು ಕಂಪ್ಯೂಟರು ಸತ್ತಿದ್ದಾಳೆ ಎಂದು ತೋರಿಸುತ್ತಿದ್ದರೆ, ಜನ ನೇರ ನನ್ನ ಬಳಿ ಬರುತ್ತಾರೆ. ನಾನು ಅರ್ಜಿ ಬರೆಯುತ್ತೇನೆ. ಅರ್ಜಿಗೆ ಉತ್ತರ ಬಾರದಿದ್ದರೆ ಕಡಬದ ತಾಲೂಕು ಕಚೇರಿಗೆ ಹೋಗಿ ಮೇಜು ಕುಟ್ಟುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ಅದನ್ನು ರೋಗ ಎನ್ನುತ್ತಾರೆ. ಅಂಗಡಿಯಲ್ಲಿ ನನಗೆ ಅನ್ನ ಹಾಕುವುದೇ ಅದು.

ಒಂದು ಬೆಳಗ್ಗೆ ಅಕ್ಕ ಕಾಣಿಯೂರಿನಿಂದ ಬಂದಳು. ಅವಳ ಮಗಳು ಪುತ್ತೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಮಾಜಿ ಸೈನಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಭಾವನ ಮಿಲಿಟರಿ ಕಾಗದಗಳನ್ನೆಲ್ಲ ಅವಳು ಸೀರೆ ಅಂಗಡಿಯ ಚೀಲದಲ್ಲಿ ತುಂಬಿಸಿ ತಂದಿದ್ದಳು. ಅವುಗಳ ನಡುವೆ ಅವಳು ಯಾವತ್ತೂ ಓದಿಸಿರದ ಒಂದು ಇಂಗ್ಲಿಷ್ ಹಾಳೆ ಇತ್ತು. ಬುದ್ಧಿವಂತಿಕೆ ತೋರಿಸುವ ಉಮೇದಿನಲ್ಲಿ ನಾನು ಅದನ್ನು ಗಟ್ಟಿಯಾಗಿ ಕನ್ನಡ ಮಾಡಿ ಓದಿದೆ. ಇವರ ಫಿಟ್ಸ್ ಮತ್ತು ಮನಸ್ಸಿನ ಕಾಯಿಲೆ ಮನೆತನದಿಂದ ಬಂದದ್ದು, ಮೂರು ತಲೆಮಾರಿನಿಂದ ಇದೆ, ಸೈನ್ಯದ ಸೇವೆಗೂ ಅದಕ್ಕೂ ಸಂಬಂಧವಿಲ್ಲ, ಆದ್ದರಿಂದ ಅಂಗವೈಕಲ್ಯ ಪಿಂಚಣಿ ಕೊಡಲಾಗದು. ಓದಿ ಮುಗಿಸಿದಾಗ ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತುಂಬ ಶ್ರದ್ಧೆಯಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅಕ್ಕ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಮಡಚಿದಳು. ಗಿರಾಕಿಗಳು ಹೋದ ಮೇಲೆ ಹೇಳಿದಳು.

"ಅವರು ಹೋಗುವಾಗ ಗಟ್ಟಿ ಇದ್ರು. ಅಲ್ಲಿ ಹಾಳಾಗಿ ಬಂದದ್ದನ್ನು ನಮ್ಮ ಮನೆಯಿಂದ ತಗೊಂಡು ಹೋದದ್ದು ಅಂತ ಬರೆದ್ರೆ ಹೇಗೆ? ಹಣ ಕೊಡದಿದ್ರೆ ಬೇಡ. ಆ ಒಂದು ಸಾಲು ತೆಗೆಸಿ ಕೊಡು. ನಾಳೆ ಮಗಳಿಗೆ ಸಂಬಂಧ ನೋಡುವಾಗ ಇದು ಯಾರ ಬಾಯಲ್ಲಿ ಎಲ್ಲಿಗೆ ಹೋಗ್ತದೋ."

ಭಾವ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಮಂಜು ಬಿದ್ದ ಗುಡ್ಡದ ರಸ್ತೆಯಲ್ಲಿ ಅವರ ಲಾರಿ ಕೆಳಗೆ ಉರುಳಿತ್ತು. ಜೊತೆಗಿದ್ದ ಇಬ್ಬರು ಹೋದರು, ಇವರು ತಲೆಗೆ ಏಟು ಬಿದ್ದು ಬದುಕಿದರು. ಗಾಯ ಮಾಗಿತು, ಮತ್ತೆ ಕೆಲಸಕ್ಕೂ ಹೋದರು. ಫಿಟ್ಸ್ ಶುರುವಾದದ್ದು ಕೆಲವು ತಿಂಗಳ ಮೇಲೆ. ಆಗ ಸೈನ್ಯ ಅವರನ್ನು ಮನೆಗೆ ಕಳಿಸಿತು. ಈಗ ತೋಟ ನೋಡಿಕೊಂಡಿದ್ದಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮದುವೆಗೆ ಹೋದರೆ ಹಾಲ್‌ನ ಬಾಗಿಲ ಪಕ್ಕದ ಕುರ್ಚಿಯೇ ಬೇಕು, ಬೆನ್ನಿಗೆ ಗೋಡೆಯೇ ಇರಬೇಕು. ಕುಕ್ಕರ್ ಸೀಟಿ ಹಾಕಿದರೆ ಅಂಗಳದಲ್ಲಿದ್ದ ಮನುಷ್ಯ ದನದ ಹಟ್ಟಿಯ ಹಿಂದೆ ಇರುತ್ತಾರೆ. ಅದಕ್ಕೆ ಅಕ್ಕ ಕುಕ್ಕರನ್ನು ಅಟ್ಟಕ್ಕೆ ಹಾಕಿ ಪಾತ್ರೆಯಲ್ಲೇ ಬೇಯಿಸುತ್ತಾಳೆ. ನಿದ್ರೆ ಬಾರದೆ ಟಾರ್ಚು ಹಿಡಿದು ತೋಟಕ್ಕೆ ಸುತ್ತು ಬರುತ್ತಾರೆ, ಉತ್ಸಾಹ ಹೆಚ್ಚಾದರೆ ಪಕ್ಕದ ಮನೆಯ ತೋಟಕ್ಕೂ. ಆ ಕಡೆ ಅಡಿಕೆ ಕಳ್ಳತನ ನಿಂತೇ ಹೋಗಿದೆ. ನೆರೆಯವರಿಗೆ ಅವರ ಕಾಯಿಲೆಯಿಂದ ಲಾಭವೇ ಹೊರತು ನಷ್ಟವಿಲ್ಲ.

ಫಿಟ್ಸಿಗೆ ಮಾತ್ರ ಅಕ್ಕ ಊರವರ ಎದುರು ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟಿದ್ದಳು. ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂದರೆ ಯಾರೂ ಮುಂದೆ ಕೇಳುವುದಿಲ್ಲ, ಎಲ್ಲರಿಗೂ ಅದು ಇರುತ್ತದೆ. ಆದರೆ ಎಲ್ಲರ ಬಳಿ ಮದ್ದೂ ಇರುತ್ತದೆ. ಹಾಗಾಗಿ ಭಾವ ಇಷ್ಟು ವರ್ಷಗಳಲ್ಲಿ ಇಡೀ ಕಾಣಿಯೂರಿನ ಓಮದ ಕಷಾಯ, ಪುನರ್ಪುಳಿ ಸಾರು ಮತ್ತು ಇಂಗಿನ ಮಜ್ಜಿಗೆ ಕುಡಿದಿದ್ದಾರೆ. ಅವರ ಹೊಟ್ಟೆಯಷ್ಟು ಚೊಕ್ಕವಾದ ಹೊಟ್ಟೆ ತಾಲೂಕಿನಲ್ಲಿ ಇನ್ನೊಂದು ಇರಲಾರದು.

ಮರುದಿನವೇ ನಾನು ಕಾಣಿಯೂರಿಗೆ ಹೋದೆ. ಭಾವ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಮೂರು ತಲೆಮಾರು ಎಂಬುದು ಎಲ್ಲಿಂದ ಬಂತು ಎಂದು ಕೇಳಿದೆ. ಅವರ ಅಪ್ಪನಿಗೆ ಫಿಟ್ಸ್ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಅದು ನನಗೂ ಗೊತ್ತು. ಭಾವ ಸುಲಿಯುವುದನ್ನು ನಿಲ್ಲಿಸದೆ, ತಾನೇ ಹೇಳಿದ್ದು ಎಂದರು.

ಆದದ್ದು ಹೀಗೆ. ಉತ್ತರದ ಯಾವುದೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಕೇಳಿದ್ದಾರೆ: ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಮೈ ನಡುಗುವುದುಂಟೋ? ಭಾವ ಉಂಟು ಎಂದಿದ್ದಾರೆ. ಅವರ ಸೋದರಮಾವ ನರಿಮೊಗರಿನ ಹತ್ತಿರ ಕುಟುಂಬದ ಮೂಲಮನೆಯಾದ ತರವಾಡಿನಲ್ಲಿ ದೈವ ಮೈಮೇಲೆ ಬರುವ ಪಾತ್ರಿ. ವರ್ಷದ ನೇಮೋತ್ಸವದ ದಿನ ಅವರ ಮೇಲೆ ದರ್ಶನ ಬರುತ್ತದೆ, ಮೈಯೆಲ್ಲ ನಡುಗುತ್ತದೆ. ಡಾಕ್ಟರು ಪೆನ್ನು ತೆಗೆದಿದ್ದಾರೆ. ಕಣ್ಣು ಮೇಲಾಗುತ್ತದೋ? ಆಗುತ್ತದೆ. ಮಾತು? ಬೇರೆಯೇ ದನಿಯಲ್ಲಿ ಬರುತ್ತದೆ. ಆಮೇಲೆ ನೆನಪಿರುತ್ತದೋ? ಇರುವುದಿಲ್ಲ. ಔಷಧ? ಬೊಂಡ, ಅಂದರೆ ಎಳನೀರು ಕೊಡುವುದು, ಕುಡಿದರೆ ಇಳಿಯುತ್ತದೆ. ಅವರಿಗಿಂತ ಮೊದಲು ಯಾರಿಗಾದರೂ? ಅವರ ಮಾವನಿಗಿತ್ತು. ಡಾಕ್ಟರು ತುಂಬ ಸಂತೋಷದಿಂದ ಎಲ್ಲವನ್ನೂ ಬರೆದುಕೊಂಡರಂತೆ. ಅಷ್ಟು ಒಪ್ಪವಾಗಿ ಮನೆತನದ ಚರಿತ್ರೆ ಹೇಳುವ ರೋಗಿ ಅವರಿಗೆ ಅದುವರೆಗೆ ಸಿಕ್ಕಿರಲಿಕ್ಕಿಲ್ಲ.

"ಅದನ್ನೆಲ್ಲ ಯಾಕೆ ಹೇಳ್ಲಿಕ್ಕೆ ಹೋದ್ರಿ ಭಾವ?" ಎಂದೆ.

"ಕೇಳಿದ್ರು, ಹೇಳಿದೆ. ದೈವದ ವಿಷಯದಲ್ಲಿ ಇಲ್ಲ ಅಂತ ಸುಳ್ಳು ಹೇಳ್ಲಿಕ್ಕೆ ಆಗ್ತದಾ?"

ನನಗೆ ಸಿಟ್ಟು ಬಂತು. ಅಂಗಳದಲ್ಲಿ ಮಲಗಿದ್ದ ನಾಯಿಗೆ ಬೈದು ಎದ್ದು ಬಂದೆ.

ಪುತ್ತೂರಿನಲ್ಲಿ ಇಂಥ ಕಾಗದಗಳನ್ನು ನೋಡಿ ಸಹಾಯ ಮಾಡುವ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಅವರು ಹಾಳೆ ಓದಿ ಮೊದಲು ಮೀಸೆಯಡಿ ನಕ್ಕರು, ಆಮೇಲೆ ಗಂಭೀರವಾದರು. ಲಾರಿ ಉರುಳಿದ್ದಕ್ಕೆ ದಾಖಲೆ ಇದೆ, ತಲೆಗೆ ಏಟಾದದ್ದಕ್ಕೂ ಇದೆ. ಆದರೆ ಮನೆತನದ ಕಾಯಿಲೆ ಎಂದು ರೋಗಿಯೇ ಹೇಳಿ ಬರೆಸಿದ ಮೇಲೆ ಉಳಿದದ್ದೆಲ್ಲ ಅದರ ಅಡಿಗೆ ಬಿದ್ದಿದೆ. ಮೇಲ್ಮನವಿ ಹಾಕಿ ಬೆಂಗಳೂರಿನ ಸೈನ್ಯದ ಆಸ್ಪತ್ರೆಯಲ್ಲಿ ಇನ್ನೊಮ್ಮೆ ವೈದ್ಯಕೀಯ ಮಂಡಳಿ ಕೂರಿಸಬಹುದು. ಅದಕ್ಕೆ ಮುಂಚೆ ಆ ಮಾವನಿಗೆ ಯಾವ ಕಾಯಿಲೆಯೂ ಇಲ್ಲ ಎಂದು ನರರೋಗದ ಡಾಕ್ಟರರಿಂದ ಬರೆಸಿ ತನ್ನಿ, ಸಾಧ್ಯವಾದರೆ ಮಂಡಳಿಯ ಎದುರಿಗೆ ಅವರನ್ನೇ ಕರೆದುಕೊಂಡು ಹೋಗಿ ಎಂದರು. ನನಗೆ ಇದು ಪಹಣಿ ತಿದ್ದುಪಡಿಗಿಂತ ಸುಲಭ ಎನಿಸಿತು.

ಮಾವನಿಗೆ ಎಂಬತ್ತರ ಹತ್ತಿರ. ನೆಟ್ಟಗಿನ ಬೆನ್ನು, ಬೆಳ್ಳಗಿನ ಪಂಚೆ, ಕಿವಿಯಲ್ಲಿ ಚಿನ್ನದ ಒಂಟಿ. ಭಾವನ ಸಂಬಂಧದಿಂದ ನಾವೂ ಅವರನ್ನು ಮಾವ ಎಂದೇ ಕರೆಯುವುದು. ಅಕ್ಕ ಮತ್ತು ನಾನು ಹೋದೆವು. ಬೆಲ್ಲ ನೀರು ಬಂತು. ನಾನು ವಿಷಯ ಹೇಳಿದೆ. ಹೇಳುವಾಗ ಕಾಯಿಲೆ ಎಂಬ ಶಬ್ದ ಎಷ್ಟು ಸಲ ಬಳಸಿದೆನೋ, ಅಷ್ಟು ಸಲ ಅವರ ಹುಬ್ಬು ಮೇಲೆ ಹೋಯಿತು.

ಆಮೇಲೆ ಅವರು ತಣ್ಣಗೆ ತಮ್ಮ ಮಾತು ಶುರು ಮಾಡಿದರು. ಅವರಿಗೂ ಭಾವನ ನಡುಕದ ಮೇಲೆ ಒಂದು ಹಕ್ಕು ಇತ್ತು. ತಮ್ಮ ನಂತರ ಪಾತ್ರಿಯಾಗಿ ಖಡ್ಗ ಹಿಡಿಯಬೇಕಾದವನು ತಂಗಿಯ ಮಗ. ಆ ಮಗ ಸೈನ್ಯಕ್ಕೆ ಹೋದಾಗ ಪರಂಪರೆ ನಿಂತಿತು ಎಂದು ಅವರು ಕೊರಗಿದ್ದರು. ಅವನಿಗೂ ನಡುಕ ಬರುತ್ತದೆ ಎಂದು ಕಿವಿಗೆ ಬಿದ್ದಾಗ ಅವರಿಗೆ ಎಲ್ಲ ಸ್ಪಷ್ಟವಾಯಿತು. ದೈವ ಅವನನ್ನು ಗುಡ್ಡದ ಮೇಲಿಂದ ಕರೆದು ತಂದಿದೆ. ಅವರು ಇದನ್ನು ಕುಟುಂಬದ ಹಿರಿಯರಿಗೆಲ್ಲ ಹೇಳಿಯೂ ಆಗಿತ್ತು. ಪಾತ್ರಿ ಕೈಗೆ ಹಾಕುವ ಬೆಳ್ಳಿಯ ಕಡಗ ಅಳಿಯನ ಅಳತೆಗೆ ತಯಾರಾಗಿತ್ತು.

ಒಟ್ಟಿನಲ್ಲಿ ಸೈನ್ಯ ಹೇಳುವುದು ನಡುಕ ಮನೆಯದ್ದು ಎಂದು, ಮನೆಯವರು ಹೇಳುವುದು ದೈವದ್ದು ಎಂದು, ಊರು ಹೇಳುವುದು ಹೊಟ್ಟೆಯದ್ದು ಎಂದು. ಲಾರಿಯದ್ದು ಎಂದು ಹೇಳಲು ಇದ್ದದ್ದು ಅಕ್ಕ ಒಬ್ಬಳು.

ನಾನು ಸ್ವಲ್ಪ ದನಿ ಎತ್ತಿದೆ. ಮಾವ ದನಿ ಎತ್ತಲಿಲ್ಲ, ಕತ್ತು ತಿರುಗಿಸಿದರು. ನಾನು ಬೆಲ್ಲ ನೀರು ಮುಟ್ಟದೆ ಎದ್ದು ಅಂಗಳ ದಾಟಿದೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಕ್ಕ ಗೇಟಿನ ತನಕ ಬಂದು ನನ್ನ ಅಂಗಿಯ ಹಿಂಬದಿ ಹಿಡಿದು ವಾಪಸು ಕರೆದುಕೊಂಡು ಹೋಗಿ, ಜಗಲಿಯಲ್ಲಿ ಕೂರಿಸಿ, ಲೋಟ ಕೈಗೆ ಕೊಟ್ಟಳು. ಐವತ್ತು ದಾಟಿದ ನಾನು ಮೇಜು ಕುಟ್ಟುವ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದೆ. ಮಾವ ಗಡ್ಡ ಸವರುತ್ತ ನೋಡುತ್ತಿದ್ದರು. ಅವರ ಮುಖದಲ್ಲಿ ಅವತ್ತು ಕಂಡ ಏಕೈಕ ನಗೆ ಅದು.

ನಂತರ ಅಕ್ಕ ಹೇಳಿದಳು, ದೈವದ ವಿಷಯ ಯಾರೂ ಕೇಳುವುದಿಲ್ಲ, ನಿಮ್ಮ ತಲೆ ಎಷ್ಟು ಗಟ್ಟಿ ಇದೆ ಎಂದು ಒಮ್ಮೆ ಡಾಕ್ಟರಿಗೆ ತೋರಿಸಿದರೆ ಸಾಕು. ಎಂಬತ್ತು ವರ್ಷ ಒಂದು ಮಾತ್ರೆ ನುಂಗದ ತಲೆಯನ್ನು ತೋರಿಸಲು ಮಾವನಿಗೆ ಅಡ್ಡಿ ಇರಲಿಲ್ಲ. ತೋರಿಸಬೇಕೆಂಬ ಆಸೆಯೇ ಇತ್ತು ಎಂದು ನನ್ನ ಅನುಮಾನ.

ಪುತ್ತೂರಿನ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದೆ. ತಲೆಗೆ ವಯರುಗಳನ್ನು ಅಂಟಿಸಿ ಮಾಡುವ ಪರೀಕ್ಷೆ. ಎಣ್ಣೆ ಹಾಕದೆ ಬನ್ನಿ ಎಂದಿದ್ದರು. ಪರೀಕ್ಷೆ ಎಂದರೆ ಶುಭ್ರವಾಗಿ ಹೋಗಬೇಕೆಂದು ಮಾವ ಅವತ್ತು ಮಾಮೂಲಿಗಿಂತ ಹೆಚ್ಚು ಎಣ್ಣೆ ಹಚ್ಚಿ ಬಂದಿದ್ದರು. ವಯರುಗಳು ಒಂದೊಂದಾಗಿ ಜಾರಿ ಹೆಗಲಿಗೆ ಬಿದ್ದವು. ನರ್ಸು ಅವರನ್ನು ನಲ್ಲಿಯ ಬಳಿ ಕೂರಿಸಿ ಶ್ಯಾಂಪೂ ಹಾಕಿ ತಿಕ್ಕಿದಳು. ಬೆಳ್ಳಿ ಕೂದಲೆಲ್ಲ ಎದ್ದು ನಿಂತಿತು, ಮಾವ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಎರಡೂ ಕೈಯಿಂದ ಅದನ್ನು ಒತ್ತಿ ಕೂರಿಸಿದರು.

ಡಾಕ್ಟರು ಒಳ್ಳೆಯವರು. ದರ್ಶನ ಬಂದಾಗ ಹೇಗಿರುತ್ತದೆ ಎಂದು ಕುತೂಹಲದಿಂದ ಕೇಳಿದರು. ಮಾವ ಅವರನ್ನು ಕನಿಕರದಿಂದ ನೋಡಿ, ಇಲ್ಲಿ ಬರಿಸಲಾಗದು, ಮಿಂದು ಮಡಿಯಾಗಬೇಕು, ದೈವದ ಎದುರಿನ ಕೊಡಿಯಡಿಯಲ್ಲಿ ನಿಲ್ಲಬೇಕು, ವಾದ್ಯ ಬೇಕು, ಮೇಲಾಗಿ ನಿಮ್ಮ ಕೋಣೆಯಲ್ಲಿ ಖಡ್ಗ ಬೀಸಲು ಜಾಗವಿಲ್ಲ ಎಂದು ವಿವರಿಸಿದರು. ವರದಿ ಬಂತು. ಮಿದುಳು ವಯಸ್ಸಿಗೆ ಹೋಲಿಸಿದರೆ ಬಹಳ ಚೆನ್ನಾಗಿದೆ, ಯಾವ ಕಾಯಿಲೆಯ ಗುರುತೂ ಇಲ್ಲ. ಮಾವ ಅದಕ್ಕೆ ಪ್ಲಾಸ್ಟಿಕ್ ಹೊದಿಸಿಕೊಡಲು ನನಗೇ ಹೇಳಿದರು. ಆಮೇಲೆ ಸಹಕಾರಿ ಸಂಘದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಒಂದು ಗೃಹಪ್ರವೇಶದಲ್ಲಿ ಅದನ್ನು ತೆಗೆದು ತೋರಿಸಿದ್ದಾರೆ ಎಂದು ನನಗೆ ಸುದ್ದಿ ಬಂತು. ನಿಮ್ಮದು ಪರೀಕ್ಷೆ ಆಗಿದೆಯೋ ಎಂದು ಕೇಳುತ್ತಿದ್ದರಂತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಾವ ಮುಗಿಯಲು ಬಿಡಲಿಲ್ಲ. ವರದಿಯಿಂದ ಅವರಿಗೆ ಹೊಸ ಬಲ ಬಂದಿತ್ತು. ನನ್ನ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು ವಾದ ಮಂಡಿಸಿದರು.

"ನನ್ನದು ಕಾಯಿಲೆ ಅಲ್ಲ ಅಂತ ಡಾಕ್ಟರೇ ಬರೆದು ಕೊಟ್ರು. ಅಳಿಯನದ್ದೂ ನನ್ನದೂ ಒಂದೇ. ಹಾಗಾದ್ರೆ ಅವನದ್ದೂ ಕಾಯಿಲೆ ಅಲ್ಲ. ಇದನ್ನು ನೀನು ಇಂಗ್ಲಿಷಿನಲ್ಲಿ ಬರಿ, ನಾನು ಸಹಿ ಹಾಕ್ತೇನೆ."

ಕಡಬದ ಯಾವ ಗುಮಾಸ್ತನೂ ನನ್ನನ್ನು ಹೀಗೆ ಕಟ್ಟಿ ಹಾಕಿರಲಿಲ್ಲ. ಪಿಂಚಣಿ ಕೊಡದಿರಲು ಸೈನ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ನಾನು ಅಕ್ಕನಿಗೆ ಫೋನ್ ಮಾಡಿ, ಈ ಕೇಸು ನನ್ನ ಕೈಲಾಗುವುದಿಲ್ಲ, ನಿಮ್ಮ ದೈವದ ಹತ್ತಿರವೇ ಮೇಲ್ಮನವಿ ಹಾಕಿ ಎಂದು ಕೂಗಾಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮಾವನಿಗೆ ಫೋನ್ ಕೊಡಲು ಹೇಳಿ, ನಾಲ್ಕು ದಿನ ಕಾಣಿಯೂರಿನಲ್ಲಿ ಬಂದು ಇದ್ದು ಹೋಗಿ ಎಂದು ಕರೆದಳು.

ಅವಳಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಮಾವ ಭಾವನ ನಡುಕದ ಬಗ್ಗೆ ಕೇಳಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಅವಳು ಯಾರಿಗೂ ತೋರಿಸಿರಲಿಲ್ಲ. ಫಿಟ್ಸ್ ಬಂದ ಕೂಡಲೇ ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ, ಇಷ್ಟು ವರ್ಷ ಒಬ್ಬಳೇ ನಿಭಾಯಿಸಿದ್ದಳು.

ಮಾವ ಕಡಗವನ್ನೂ ತೆಗೆದುಕೊಂಡೇ ಹೋದರು. ಒಂದು ಬೆಳಗ್ಗೆ ನಾನೂ ಅಲ್ಲಿದ್ದೆ. ಭಾವ ಬಾವಿಕಟ್ಟೆಯ ಬಳಿ ಅಂಗಾಲು ತೊಳೆಯುತ್ತಿದ್ದರು. ಮಾವ ಹತ್ತಿರದಲ್ಲೇ ನಿಂತು, ದೈವ ಮೈಗೆ ಬಂದಾಗ ಉಸಿರು ಹಿಡಿಯಬೇಕಾದ ಕ್ರಮದ ಬಗ್ಗೆ ಪಾಠ ಮಾಡುತ್ತಿದ್ದರು. ಭಾವ ಒಮ್ಮೆ ವಿಚಿತ್ರವಾಗಿ ಕೂಗಿ ಹಿಂದಕ್ಕೆ ಬಿದ್ದರು. ಕೈಕಾಲು ಎಳೆದುಕೊಂಡವು, ತಲೆ ಸಿಮೆಂಟಿಗೆ ಬಡಿಯಿತು, ನಾಲಗೆ ಕಚ್ಚಿ ಬಾಯಲ್ಲಿ ರಕ್ತ ಬಂತು. ಅಕ್ಕ ಓಡಿ ಬಂದು ಅವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಸೆರಗು ಒತ್ತಿ ಹಿಡಿದು ಕೂತಳು. ನಾನು ಏನೂ ಮಾಡಲಿಲ್ಲ. ಮೇಜು ಕುಟ್ಟುವವನಿಗೆ ಅಲ್ಲಿ ಕೆಲಸವಿರಲಿಲ್ಲ.

ನಡುಕ ನಿಂತ ಮೇಲೆ ಭಾವ ಕಣ್ಣು ಬಿಟ್ಟರು. ಮೊದಲು ನೋಡಿದ್ದು ತಮ್ಮ ಪಂಚೆಯನ್ನು. ಅದು ಒದ್ದೆಯಾಗಿತ್ತು. ಎಂಬತ್ತರ ಮಾವನ ಎದುರು ಆ ಮನುಷ್ಯ ಕೈಯಿಂದ ಅದನ್ನು ಮುಚ್ಚಿಕೊಳ್ಳಲು ನೋಡಿದ್ದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಮಾವ ತಮ್ಮ ಹೆಗಲ ಶಾಲು ತೆಗೆದು ಅವರ ಮೇಲೆ ಹೊದಿಸಿದರು. ಅವತ್ತು ಅವರು ಕಾಫಿ ಕುಡಿಯಲಿಲ್ಲ, ಎಲೆ ಹಾಕಲಿಲ್ಲ. ಮಧ್ಯಾಹ್ನ ನನ್ನನ್ನು ಕರೆದು ಕೇಳಿದ್ದು ಒಂದೇ, ಬೆಂಗಳೂರಿಗೆ ಹೋಗುವುದು ಯಾವಾಗ ಎಂದು. ಕಡಗ ಮತ್ತೆ ಚೀಲದಿಂದ ಹೊರಗೆ ಬರಲಿಲ್ಲ.

ಬೆಂಗಳೂರಿನ ಆ ಆಸ್ಪತ್ರೆಯ ಗೇಟಿನಲ್ಲಿ ಮೊದಲ ಯುದ್ಧ ನಡೆಯಿತು. ಮಾವನ ಎಲೆಯಡಿಕೆ ಚೀಲದಲ್ಲಿದ್ದ ಸಣ್ಣ ಚೂರಿಯನ್ನು ಕಾವಲಿನ ಜವಾನ ಹಿಡಿದ. ಅಡಿಕೆ ಹೇಗೆ ಹೋಳು ಮಾಡುವುದು ಎಂದು ಮಾವ ತುಳುವಿನಲ್ಲಿ, ಅವನು ಹಿಂದಿಯಲ್ಲಿ, ನಡುವೆ ನಾನು ಮೂರು ಭಾಷೆಯಲ್ಲಿ ಕೂಗಾಡಿದೆವು. ಕೊನೆಗೆ ಚೂರಿ ಗೇಟಿನಲ್ಲೇ ಉಳಿಯಿತು, ಅದಕ್ಕೊಂದು ಚೀಟಿ ಕೊಟ್ಟರು.

ಮಂಡಳಿಯ ಮೇಜಿನ ಹಿಂದೆ ಮೂವರು ಡಾಕ್ಟರರಿದ್ದರು. ಮನೆತನದ ಪ್ರಶ್ನೆ ಇದ್ದದ್ದರಿಂದ ಅಕ್ಕನನ್ನೂ ಮಾವನನ್ನೂ ನನ್ನನ್ನೂ ಒಳಗೆ ಬಿಟ್ಟರು. ಹೇಗಿದ್ದೀರಿ ಎಂದು ಹಿರಿಯರು ಕೇಳಿದರು. ಭಾವ ಹಿಮ್ಮಡಿ ಕೂಡಿಸಿ ಎದೆ ಉಬ್ಬಿಸಿ ನಿಂತು, "ಏಕ್‌ದಂ ಫಿಟ್, ಸಾಬ್," ಎಂದರು. ಇಷ್ಟು ದೂರ ಬಂದು ಈ ಮಾತು ಕೇಳಿ ನಾನು ಬಾಯಿ ತೆರೆದೆ. ತಯಾರು ಮಾಡಿಕೊಂಡ ಇಂಗ್ಲಿಷ್ ವಾಕ್ಯಗಳ ಪೈಕಿ ಎರಡು ಹೇಳುವಷ್ಟರಲ್ಲಿ, ವಕೀಲರೋ ಎಂದು ಕೇಳಿದರು. ಜೆರಾಕ್ಸ್ ಎಂದೆ. ಕೂತುಕೊಳ್ಳಲು ಹೇಳಿದರು.

ಮೂವರಲ್ಲಿ ಒಬ್ಬ ಡಾಕ್ಟರಮ್ಮ ಮೈಸೂರು ಕಡೆಯವರು. ಹಳೆಯ ಹಾಳೆಯನ್ನೂ ಹೊಸ ವರದಿಯನ್ನೂ ಮಗುಚಿ ನೋಡಿ, ಮಾವನನ್ನು ಕನ್ನಡದಲ್ಲಿ ಕೇಳಿದರು: ನಡುಗುವುದು ನಿಮಗೇ ಅಲ್ಲವೇ, ಅದು ಏನು ಹೇಳಿ. ಮಾವ ಎದ್ದು ನಿಂತರು. ಕೂತೇ ಹೇಳಿ ಎಂದರೂ ಕೂರಲಿಲ್ಲ.

"ನನಗೆ ಬರುದನ್ನು ನಾವು ಕರೀತೇವೆ ಅಮ್ಮ. ಕರೆದ ಮೇಲೆ ಬರ್ತದೆ, ಬೊಂಡ ಕೊಟ್ರೆ ಹೋಗ್ತದೆ. ಹೋಗುವಾಗ ಮೈ ಹಗುರ ಆಗ್ತದೆ. ಇವನಿಗೆ ಬರುದನ್ನು ಯಾರೂ ಕರೆದದ್ದಲ್ಲ. ಅದು ಹೋಗುದೂ ಇಲ್ಲ. ಇವನು ನನ್ನ ನಂತರದವನು ಅಂತ ನಾನು ಊರೆಲ್ಲ ಹೇಳಿದ್ದೆ, ಅದು ನನ್ನ ಆಸೆ. ನಮ್ಮ ದೈವ ತನ್ನ ಮಕ್ಕಳನ್ನು ಹೀಗೆ ನೆಲಕ್ಕೆ ಬಡಿಯುದಿಲ್ಲ. ಇದು ನಮ್ಮ ಮನೆಯದ್ದಲ್ಲ. ನಿಮ್ಮಲ್ಲಿಂದ ಬಂದದ್ದು."

ಡಾಕ್ಟರಮ್ಮ ಅದನ್ನು ಉಳಿದಿಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ತಿದ್ದಲು ಕಾಯುತ್ತಿದ್ದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಹಿರಿಯ ಡಾಕ್ಟರು ಭಾವನಿಗೆ ಕುರ್ಚಿ ತೋರಿಸಿ, ಲಾರಿ ಉರುಳಿದ ದಿನದ ಬಗ್ಗೆ ಕೇಳಿದರು. ಭಾವ ಆ ಕುರ್ಚಿಯನ್ನು ಗೋಡೆಗೆ ತಾಗಿಸಿಕೊಂಡು ಕೂತರು. ಆಮೇಲೆ ಹೇಳಿದರು. ಕೆಳಗೆ ಬಿದ್ದ ಮೇಲೆ ಜೊತೆಯವನೊಬ್ಬ ತುಂಬ ಹೊತ್ತು ಇವರ ಹೆಸರು ಹಿಡಿದು ಕರೆಯುತ್ತಿದ್ದನಂತೆ. ಇವರ ಕಾಲು ಸಿಕ್ಕಿಕೊಂಡಿತ್ತು, ಹೋಗಲಾಗಲಿಲ್ಲ. ಈಗಲೂ ಕರೆಯುತ್ತಾನಂತೆ. ಟಾರ್ಚು ಹಿಡಿದು ಹೋಗುವುದು ಅವನನ್ನು ಹುಡುಕಲು. ನಾವೆಲ್ಲ ಅಡಿಕೆ ಕಳ್ಳರಿಗೆ ಎಂದುಕೊಂಡಿದ್ದೆವು. ಅಕ್ಕ ಅದನ್ನು ಕೇಳಿದ್ದು ಅದೇ ಮೊದಲು.

ಉತ್ತರ ಬರಲು ತಿಂಗಳುಗಳೇ ಹಿಡಿದವು. ನನ್ನ ಅಂಗಡಿಯ ವಿಳಾಸ ಕೊಟ್ಟಿದ್ದೆ, ಹಾಗಾಗಿ ಮೊದಲು ಓದಿದವನು ನಾನು. ಗಿರಾಕಿಗಳನ್ನು ಹೊರಗೆ ಹಾಕಿ, ಅದರ ಜೆರಾಕ್ಸ್ ಮಾಡಿಕೊಂಡು, ಶಟರ್ ಎಳೆದು ಕಾಣಿಯೂರಿಗೆ ಹೊರಟೆ. ಕಾಯಿಲೆ ಸೇವೆಯಿಂದಲೇ ಬಂದದ್ದು, ಮನೆತನದ್ದಲ್ಲ, ಪಿಂಚಣಿ ಮಂಜೂರಾಗಿದೆ ಎಂದು ಬರೆದಿತ್ತು. ದಾರಿಯುದ್ದಕ್ಕೂ ನನ್ನನ್ನು ಹೇಗೆ ಹೊಗಳಬಹುದು ಎಂದು ಯೋಚಿಸಿ, ಹೊಗಳಿದಾಗ ತೋರಿಸಬೇಕಾದ ವಿನಯವನ್ನೂ ಸಿದ್ಧ ಮಾಡಿಕೊಂಡೆ.

ಮಾವನೂ ಅಲ್ಲೇ ಇದ್ದರು. ನಾನು ಗಟ್ಟಿಯಾಗಿ ಓದಿದೆ. ಅಕ್ಕ ಕೈ ಮುಗಿದಳು. ಹೊಗಳಿಕೆ ಇನ್ನೇನು ಬರಬೇಕು, ಅಷ್ಟರಲ್ಲಿ ಭಾವ ಕಾಗದ ಕೇಳಿ ಪಡೆದು, ನಿಂತುಕೊಂಡೇ ಓದಿದರು. ಒಂದು ಸಾಲಿನ ಕೆಳಗೆ ಬೆರಳಿಟ್ಟು ನನ್ನನ್ನು ನೋಡಿದರು.

"ಮನೆತನದ್ದು ಅಲ್ಲ ಅಂತ ಅವರೇ ಬರೆದದ್ದಾ?"

"ಸೀಲು ಉಂಟಲ್ಲ ಭಾವ."

ಅವರು ಅಕ್ಕನ ಕಡೆ ತಿರುಗಿದರು. "ಹಾಗಾದ್ರೆ ಮಗಳಿಗೆ ಬರುದಿಲ್ಲ," ಎಂದರು.

ನಾವೆಲ್ಲ ಜನ ಏನು ಹೇಳಿಯಾರು ಎಂದು ಹೆದರಿ ಓಡಾಡಿದವರು. ಅವರು ಹಳೆಯ ಹಾಳೆಯ ಆ ಸಾಲನ್ನು ನಂಬಿದ್ದರು. ಸೈನಿಕನಿಗೆ ಮೇಲಿನಿಂದ ಸೀಲು ಹಾಕಿ ಬಂದದ್ದು ಆಜ್ಞೆ, ಅದನ್ನು ಸುಳ್ಳೋ ನಿಜವೋ ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಮಗಳು ಸಣ್ಣವಳಿದ್ದಾಗಿನಿಂದ, ತನ್ನದು ಅವಳಿಗೂ ಬರುವ ದಿನವನ್ನು ಅವರು ಕಾಯುತ್ತಿದ್ದರು. ಅವಳನ್ನು ಹೊಳೆಗೆ ಇಳಿಯಲು ಬಿಟ್ಟಿರಲಿಲ್ಲ, ಸೈಕಲ್ ತೆಗೆದುಕೊಟ್ಟಿರಲಿಲ್ಲ, ಸ್ಕೂಟರ್ ಕಲಿಯುತ್ತೇನೆಂದು ಅವಳು ಅತ್ತಾಗ ಮನೆಯೇ ಹಾರಿಹೋಗುವಂತೆ ಬೈದಿದ್ದರು. ಮಿಲಿಟರಿ ಮನುಷ್ಯ, ಶಿಸ್ತು ಜಾಸ್ತಿ ಎಂದು ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, ಒಂದು ಮಾತು ನನ್ನ ಹತ್ತಿರ ಹೇಳಲಾಗಲಿಲ್ಲವೇ ಎಂದು ಗಂಡನಿಗೆ ಬೈಯುತ್ತ ಜೋರಾಗಿ ಅತ್ತಳು. ನನಗೂ ಅಳು ಬಂತು. ಮಾವ ನನ್ನ ಕೈಗೆ ಒಂದು ವೀಳ್ಯದೆಲೆ ಕೊಟ್ಟು, ಜಗಿ ಎಂದರು.

ಭಾವ ಹಾಸ್ಟೆಲಿಗೆ ಫೋನ್ ಮಾಡಿದರು. ಅಪ್ಪ ಈ ಹೊತ್ತಿನಲ್ಲಿ ಫೋನ್ ಮಾಡಿದ್ದು ಕಂಡು ಹುಡುಗಿಗೆ ಗಾಬರಿಯಾಗಿರಬೇಕು, ಎಂತ ಆಯ್ತು ಎಂದು ಕೇಳಿದ ದನಿ ನಮಗೂ ಕೇಳಿಸಿತು.

"ಎಂತ ಆಗ್ಲಿಲ್ಲ ಮಗ," ಎಂದರು ಭಾವ. "ರಜೆಯಲ್ಲಿ ಬಾ. ಸ್ಕೂಟರ್ ಕಲಿಸ್ತೇನೆ. ನೀನು ಬಿಡು, ನಾನು ಹಿಂದಿನಿಂದ ಹಿಡ್ಕೊಂಡು ಓಡ್ತೇನೆ."